ಮುಂದಿನ ಸ್ಟೇಷನ್ನಿನವಳು

ಬೆಳಗಿನ ರೈಲಿನ ಮಹಿಳೆಯರ ಬೋಗಿಯಲ್ಲಿ ಅವಳಿಗೆ ‘ಮುಂದಿನ ಸ್ಟೇಷನ್’ ಎಂದೇ ಹೆಸರು. ಇಳಿಯಬೇಕಾದಲ್ಲಿ ಇಳಿಯದೆ, ಇನ್ನೊಂದು ಸ್ಟೇಷನ್ ಮುಂದೆ ಹೋಗಿ, ಎದುರಿನ ಪ್ಲಾಟ್‌ಫಾರಂಗೆ ಏದುಸಿರು ಬಿಡುತ್ತ ಓಡುವುದು ಅವಳ ದಿನಚರಿ. ನಿದ್ದೆ ಹೋಗಿರುತ್ತಿದ್ದಳೇ ಎಂದರೆ ಅದೂ ಅಲ್ಲ. ಎದುರು ಕೂತವಳ ಸ್ವೆಟರಿನಲ್ಲಿ ಹೆಣಿಗೆ ಎಲ್ಲಿ ತಪ್ಪಿದೆ ಎಂದು ಸಾಲುಸಾಲಾಗಿ ಹುಡುಕುತ್ತಿರುತ್ತಿದ್ದಳು. ಅದು ಸಿಗುವ ಹೊತ್ತಿಗೆ ಸ್ಟೇಷನ್ ದಾಟಿರುತ್ತಿತ್ತು.

ಕೆಲಸ ಊರಿನ ಆ ಕೊನೆಯಲ್ಲಿ, ಕಟ್ಟುಹಲ್ಲು ತಯಾರಿಸುವ ಕಡೆ. ಬಾಯಿಯ ಅಳತೆಯಿಂದ ಪ್ಲಾಸ್ಟರಿನ ಅಚ್ಚು ತೆಗೆದು, ಅದರ ಮೇಲೆ ಮೇಣ ಹಾಸಿ, ಹಲ್ಲು ಒಂದೊಂದನ್ನೇ ನಿಲ್ಲಿಸುವಾಗ ಅವಳ ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ತೊಂದರೆ ಬರುತ್ತಿದ್ದುದು ಆಮೇಲೆ. ಅಲ್ಲಿಯ ಪದ್ಧತಿಯಂತೆ ಏಳೆಂಟು ಜನರ ಹಲ್ಲು ಒಂದೇ ಮೇಜಿನ ಮೇಲೆ ಒಟ್ಟೊಟ್ಟಿಗೆ ಸಾಗುತ್ತಿತ್ತು. ಹೋದ ತಿಂಗಳು ಬ್ಯಾಂಡಿನಲ್ಲಿ ತುತ್ತೂರಿ ಊದುವವರ ಹಲ್ಲು ನ್ಯಾಯಾಧೀಶರ ಬಾಯಿ ಸೇರಿತು. ಅವರು ಎರಡು ದಿನ ಬಾಯಿ ಬಿಡದೆ ತೀರ್ಪನ್ನು ಬರೆದೇ ಕೊಟ್ಟರಂತೆ.

ಯಜಮಾನಿ ಅವಳನ್ನು ಕರೆಸಿದಳು. “ನಿನ್ನ ಕೈಕೆಲಸದ ಬಗ್ಗೆ ನಾನು ಉಸಿರೆತ್ತಲ್ಲ. ಆದ್ರೆ ಹಲ್ಲು ಯಾರ ಬಾಯಿಗೆ ಅನ್ನೋದೂ ಕೆಲಸದಲ್ಲೇ ಸೇರುತ್ತೆ ಕಣಮ್ಮ. ವೃದ್ಧಾಶ್ರಮದ ಆರ್ಡರ್ ಬಂದಿದೆ. ಅದ್ರಲ್ಲಿ ಒಂದು ಅದಲುಬದಲಾದ್ರೂ ನೀನು ಬೇರೆ ಕಡೆ ನೋಡ್ಕೋ.”

ಮನೆಯಲ್ಲಿ ಅತ್ತೆ ಸೊಸೆಯ ಪರ. “ಅವಳದೇನು ತಪ್ಪು? ಹೋಗ್ತಾ ಎರಡು ಗಂಟೆ, ಬರ್ತಾ ಎರಡು ಗಂಟೆ. ಆ ರೈಲು ಮನುಷ್ಯರನ್ನ ಹಿಂಡಿ ಹಿಪ್ಪೆ ಮಾಡುತ್ತೆ.” ಅವಳೂ ಹಾಗೇ ನಂಬಿದ್ದಳು. ತಪ್ಪನ್ನೆಲ್ಲ ಹೊರಿಸಲು ಅಷ್ಟು ಉದ್ದದ ರೈಲು ಇನ್ನಾರಿಗೆ ಸಿಕ್ಕೀತು?

ಆ ನಂಬಿಕೆ ಮುರಿದದ್ದು ಅದೇ ಬೋಗಿಯ ನರ್ಸು. ಅವಳು ತನ್ನ ಕೆಲಸದ ಸಂಕಟ ತೋಡಿಕೊಂಡು ರೈಲನ್ನು ಶಪಿಸಿದಾಗ ನರ್ಸು ಹೇಳಿದಳು: “ಅಕ್ಕ, ನಾನೂ ಇದೇ ರೈಲಲ್ಲಿ ಕೂರ್ತೀನಿ. ನಾನು ಇಳೀತೀನಲ್ಲ?”

ಅವಳು ಮಡಿಲ ಮೇಲಿನ ಚೀಲದ ಜಿಪ್ಪನ್ನು ಎಳೆಯುತ್ತ ಕೂತಳು.

“ಬೇಜಾರು ಮಾಡ್ಕೋಬೇಡಿ. ನಮ್ಮ ಆಸ್ಪತ್ರೇಲಿ ಒಬ್ರು ಮನೋವೈದ್ಯರಿದ್ದಾರೆ. ಒಂದ್ಸಲ ತೋರಿಸಿ. ಚಿಕ್ಕಂದಿನಿಂದ ನಿಮ್ಮನ್ನ ನೋಡಿದೋರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ, ಡಾಕ್ಟರು ಅವರನ್ನೂ ವಿಚಾರಿಸ್ತಾರೆ.”

ಚಿಕ್ಕಂದಿನಿಂದ ನೋಡಿದವನು ಅಣ್ಣ. ಅವಳನ್ನು ಹುಟ್ಟಿದಾಗಿನಿಂದ ಆಡಿಕೊಂಡವನೂ ಅವನೇ. ಕೇಳಿದ್ದೇ ತಡ ಒಪ್ಪಿಕೊಂಡ. “ಬರ್ತೀನಿ ಬಿಡು. ನಿನ್ನ ಬಗ್ಗೆ ಹೇಳೋಕೆ ನನಗೆ ಅರ್ಧ ದಿನ ಬೇಕು.”

ಗೊತ್ತುಮಾಡಿದ ದಿನ ಅತ್ತೆ, ಸೊಸೆ ಮನೋವೈದ್ಯರ ಎದುರು ಕೂತರು. ಅಣ್ಣನ ಪತ್ತೆಯಿಲ್ಲ.

“ರೈಲಿಲ್ಲದ ದಿನ ಹೇಗಿರ್ತಾರೆ?” ಎಂದು ಡಾಕ್ಟರು ಅತ್ತೆಯನ್ನು ಕೇಳಿದರು.

“ರಜಾ ದಿನಾನಾ? ಆರಾಮಾಗಿರ್ತಾಳೆ” ಎಂದು ಅತ್ತೆ ಸೊಸೆಯ ಮಾನ ಕಾಯಲು ಹೊರಟರು. “ಮೊನ್ನೆ ಒಣಗಿದ ಬಟ್ಟೆ ತರ್ತೀನಿ ಅಂತ ಮಹಡಿಗೆ ಹೋದ್ಲು. ಬಂದಿದ್ದು ಸಂಜೆಗೆ. ಪಕ್ಕದ ಮನೆಯವರ ಮುರಿದ ತೊಟ್ಟಿಲು ರಿಪೇರಿ ಮಾಡಿಕೊಟ್ಟು ಬಂದಿದ್ಲು. ಎಂಥ ಅಚ್ಚುಕಟ್ಟು ಅಂತೀರಿ.”

“ಬಟ್ಟೆ?”

ಅತ್ತೆ ಸೊಸೆಯ ಕಡೆ ನೋಡಿದರು. “ಬಟ್ಟೆ ಇನ್ನೂ ಅಲ್ಲೇ ಇರ್ಬೇಕು.”

ಅಷ್ಟರಲ್ಲಿ ಬಾಗಿಲು ತೆರೆಯಿತು. ಅಣ್ಣ ಗೋಡೆ ಸವರುತ್ತ ಒಳಗೆ ಬಂದು, ಡಾಕ್ಟರೆಂದುಕೊಂಡು ಬಟ್ಟೆ ತೂಗುಹಾಕುವ ಗೂಟಕ್ಕೆ ಕೈಮುಗಿದ. ಅವನ ಕಣ್ಣಿನ ಪಾಪೆಗಳು ಬಟನ್ನಿನಷ್ಟು ಅಗಲವಾಗಿದ್ದವು.

“ಏನಾಯ್ತೋ ಅಣ್ಣ?”

“ಕೆಳಗಿನ ಮಹಡೀಲೇ ಲಿಫ್ಟ್ ಇಳಿದುಬಿಟ್ಟೆ. ಅಲ್ಲೊಂದು ಮೀನಿನ ತೊಟ್ಟಿ ಇತ್ತು, ಅದನ್ನೇ ನೋಡ್ತಾ ಕೂತಿದ್ದೆ. ಯಾರೋ ಹೆಸರು ಕೂಗಿದ್ರು, ನಂದೇ ಇರ್ಬೇಕು ಅಂತ ಒಳಗೆ ಹೋದೆ. ಕಣ್ಣಿಗೆ ಅದೇನೋ ಡ್ರಾಪ್ಸ್ ಹಾಕಿದ್ರು. ಮನೋವೈದ್ಯರು ಕಣ್ಣಿಂದ್ಲೇ ಶುರು ಮಾಡ್ತಾರೇನೋ ಅಂದ್ಕೊಂಡೆ.”

ಡಾಕ್ಟರು ಅವನನ್ನು ಕುರ್ಚಿಯವರೆಗೆ ನಡೆಸಿಕೊಂಡು ಬಂದರು. “ಹೇಳಿ. ತಂಗಿ ಶಾಲೇಲಿ ಹೇಗಿದ್ರು?”

“ಅಯ್ಯೋ, ಅದನ್ನೇನು ಕೇಳ್ತೀರಿ ಸಾರ್. ಅಪ್ಪ ಇವಳಿಗೆ ದಿನಾ ಪದ್ಯ ಬಾಯಿಪಾಠ ಮಾಡಿಸ್ತಿದ್ರು. ರಾಗವಾಗಿ ಶುರು ಮಾಡೋಳು, ಎರಡನೇ ಸಾಲಿಗೆ ಕಿಟಕಿ ಆಚೆ ಗುಬ್ಬಿ ಕಂಡ್ರೆ ಮುಗೀತು. ಪುಸ್ತಕ ಶಾಲೇಲಿ, ಚೀಲ ಮೈದಾನದಲ್ಲಿ, ಇವಳು ಇನ್ನೆಲ್ಲೋ.”

“ಆಗ ನೀವೇನು ಮಾಡ್ತಿದ್ರಿ?”

“ನಾನು ಗುಬ್ಬಿ ಹಿಂದೆ ಹೋಗ್ತಿದ್ದೆ.”

ಡಾಕ್ಟರು ನಿಧಾನವಾಗಿ ಕನ್ನಡಕ ಒರೆಸಿಕೊಂಡರು.

“ನೋಡಮ್ಮ, ಇದಕ್ಕೆ ಎಡಿಎಚ್‌ಡಿ ಅಂತಾರೆ. ಚಿಕ್ಕಂದಿನಿಂದಲೂ ಇದ್ದಿದ್ದು, ಯಾರೂ ಗುರುತಿಸ್ಲಿಲ್ಲ. ನಿಮಗೆ ಗಮನ ಇಲ್ಲ ಅಂತಲ್ಲ, ಅದರ ಲಗಾಮು ಸಡಿಲ. ರೈಲು ಇದನ್ನ ಹುಟ್ಟಿಸ್ಲಿಲ್ಲ. ಸುಸ್ತು ಮಾಡಿ ಜಾಸ್ತಿ ಮಾಡ್ತು, ಜೊತೆಗೆ ಕಾಣದ ಹಾಗೆ ಮುಚ್ಚಿಡ್ತು.” ಆಮೇಲೆ ಅಣ್ಣನ ಕಡೆ ತಿರುಗಿದರು. “ಇದು ಮನೆತನದಲ್ಲೂ ಹರಿದು ಬರುತ್ತೆ. ನೀವೂ ಒಂದ್ಸಲ ಬನ್ನಿ.”

“ನಾನ್ಯಾಕೆ ಸಾರ್?” ಎಂದು ಅಣ್ಣ ಗೂಟವನ್ನು ಕೇಳಿದ.

ಅವಳು ಅಳುತ್ತಾಳೆಂದು ಅತ್ತೆ ಸೆರಗು ಸರಿಮಾಡಿಕೊಂಡು ಕಾದರು. ಅವಳು ಅಳಲಿಲ್ಲ, ಅಣ್ಣನನ್ನೇ ನೋಡುತ್ತ ನಕ್ಕಳು. ಅಷ್ಟು ವರ್ಷ ಆಡಿಕೊಂಡವನು ತನ್ನ ಜೊತೆಯ ಪ್ರಯಾಣಿಕನೇ ಆಗಿದ್ದ.

ಡಾಕ್ಟರು ರಕ್ತದೊತ್ತಡ, ಎದೆಬಡಿತ ನೋಡಿ ಬೆಳಗಿನ ಹೊತ್ತಿಗೆ ಮಾತ್ರೆ ಬರೆದುಕೊಟ್ಟರು. ಮೊದಲು ಸಣ್ಣ ಪ್ರಮಾಣ, ಆಮೇಲೆ ನೋಡಿಕೊಂಡು ಏರಿಸುವುದು. ಜೊತೆಗೆ ಬುದ್ಧಿಮಾತು: ಒಂದು ಸ್ಟೇಷನ್ ಮುಂಚೆಯೇ ಎದ್ದು ಬಾಗಿಲ ಬಳಿ ನಿಲ್ಲಿ, ಕೆಲಸದ ಮೇಜಿನ ಮೇಲೆ ಒಬ್ಬರದು ಮುಗಿಯುವ ತನಕ ಇನ್ನೊಬ್ಬರದು ಇಡಬೇಡಿ.

ಮಾತ್ರೆ ಪವಾಡ ಮಾಡಲಿಲ್ಲ. ಮೊದಲ ವಾರ ಹಸಿವು ಕಟ್ಟಿತು, ಅತ್ತೆ ಡಾಕ್ಟರನ್ನು ಬೈದರು. ಸಂಜೆಯ ರೈಲಿನಲ್ಲಿ ಅವಳಿಗಿಂತ ಮುಂಚೆ ಮಾತ್ರೆಯ ಪ್ರಭಾವವೇ ಇಳಿದುಹೋಗುತ್ತಿತ್ತು. ಆದರೆ ಬೆಳಗಿನ ಹೊತ್ತು ಸ್ವೆಟರು ಬರೀ ಸ್ವೆಟರಾಗಿ ಕಾಣತೊಡಗಿತು. ಯಜಮಾನಿಯ ಬಳಿ ಹೋಗಿ ಎಲ್ಲ ಹೇಳಿ, ಒಬ್ಬೊಬ್ಬರದೇ ಮಾಡುತ್ತೇನೆಂದು ಕೇಳಿಕೊಂಡಳು. ಯಜಮಾನಿ “ನಿಧಾನ ಆಗುತ್ತೆ” ಎಂದಳು, ಹಾಗೆಂದು ಬೇಡ ಎನ್ನಲಿಲ್ಲ.

ಹಲ್ಲು ತಲುಪಿಸುವ ದಿನ ಅವಳೂ ಯಜಮಾನಿಯೂ ಪ್ಲಾಸ್ಟರ್ ಅಚ್ಚುಗಳ ಸಮೇತ ವೃದ್ಧಾಶ್ರಮಕ್ಕೆ ಹೋದರು. ಹಲ್ಲಿನ ವೈದ್ಯರು ಒಬ್ಬೊಬ್ಬರಿಗೇ ತೊಡಿಸುತ್ತ ಬಂದರು. ಎಲ್ಲರದೂ ಸರಿಹೋಯಿತು. ಕೊನೆಯ ಕೋಣೆಯಲ್ಲಿ, ಕಿಟಕಿ ಪಕ್ಕದ ಮಂಚದ ಅಜ್ಜಿ ಹಲ್ಲು ತೊಟ್ಟು, ದವಡೆ ಆಡಿಸಿ, ತೆಗೆದು ಅಂಗೈಯಲ್ಲಿಟ್ಟುಕೊಂಡರು.

“ಇದು ನಂದಲ್ಲ.”

ಯಜಮಾನಿ ತಿರುಗಿ ಅವಳನ್ನು ನೋಡಿದಳು. ಅವಳ ನಾಲಿಗೆಯ ತುದಿಗೆ ‘ತಪ್ಪಾಯ್ತು’ ಬಂದು ನಿಂತಿತ್ತು. ಹುಟ್ಟಿದಾಗಿನಿಂದ ಅತಿ ಹೆಚ್ಚು ಆಡಿದ ಮಾತು, ಬಾಯಿಪಾಠವಾಗಿಬಿಟ್ಟಿತ್ತು. ಅದನ್ನು ನುಂಗಿಕೊಂಡಳು. ಅಜ್ಜಿಯ ಅಚ್ಚನ್ನು ತೆಗೆದು ಹಲ್ಲನ್ನು ಅದರ ಮೇಲೆ ಕೂರಿಸಿದಳು. ಕೂದಲೆಳೆಯಷ್ಟೂ ಸಂದಿಯಿಲ್ಲ.

“ಇದು ನಿಮ್ಮದೇ ಅಜ್ಜಿ.”

“ನನ್ನ ಬಾಯಿ ನನಗೆ ಗೊತ್ತಿಲ್ವೇನೇ? ಹಳೇದು ಹೇಗಿತ್ತು ಅಂತ ಇಲ್ಲಿ ನೋಡು” ಎಂದು ಅಜ್ಜಿ ಲೋಟದಿಂದ ಹಳೆಯ ಸೆಟ್ಟನ್ನು ಎತ್ತಿಕೊಟ್ಟರು.

ಅವಳು ಅದನ್ನು ಒರೆಸಿ ಅದೇ ಅಚ್ಚಿನ ಮೇಲಿಟ್ಟಳು. ಕಾಲು ಮುರಿದ ಮಣೆಯಂತೆ ಅದು ಅತ್ತಿತ್ತ ಕುಲುಕಾಡಿತು. ಅವಳು ಸುಮ್ಮನೆ ಪಕ್ಕದ ಮಂಚದ ಅಜ್ಜಿಯ ಅಚ್ಚನ್ನು ತೆಗೆದು, ಆ ಹಳೆಯ ಸೆಟ್ಟನ್ನು ಅದಕ್ಕೆ ಹೊಂದಿಸಿದಳು. ಹಳೆಯದಾದ್ದರಿಂದ ಕೊಂಚ ಸಡಿಲ, ಅಷ್ಟೆ. ಸರಿಯಾಗಿ ಕೂತಿತು.

ಪಕ್ಕದ ಅಜ್ಜಿ ತಮ್ಮ ಬಾಯಿಯ ಹಲ್ಲನ್ನು ಬೆರಳಿಂದ ಮುಟ್ಟಿ ನೋಡಿಕೊಂಡರು. “ಅದಕ್ಕೇ ಇವಳು ನನ್ನ ಥರಾನೇ ಬಯ್ಯೋದು.”

“ಎಷ್ಟು ವರ್ಷದಿಂದ ಅದಲುಬದಲಾಗಿತ್ತು?” ಎಂದಳು ಯಜಮಾನಿ.

ಕಿಟಕಿ ಪಕ್ಕದವರು ಹೊಸ ಹಲ್ಲನ್ನು ಮತ್ತೆ ತೊಟ್ಟರು. ದವಡೆ ಆಡಿಸಿದರು, ಕಚ್ಚಿದರು, ಹೊಂದಿಕೊಳ್ಳುತ್ತದೋ ಎಂದು ಇನ್ನೊಮ್ಮೆ ಕಚ್ಚಿದರು.

“ನಂದೇ ಇರ್ಬೇಕು ಬಿಡು” ಎಂದರು, ಅಷ್ಟೇನೂ ಸಂತೋಷವಿಲ್ಲದೆ. “ಅಭ್ಯಾಸ ಆಗೋಕೆ ಟೈಮ್ ಬೇಕು.”

ಹೊರಗೆ ಬಂದ ಮೇಲೆ ಯಜಮಾನಿ ಗೇಟಿನ ತನಕ ಬಿರಬಿರನೆ ನಡೆದಳು. ಅಲ್ಲಿ ನಿಂತು, ಬೇರೆಲ್ಲೋ ನೋಡುತ್ತ ಹೇಳಿದಳು: “ನಾಳೆಯಿಂದ ಎಲ್ಲರ ಮೇಜಿನ ಮೇಲೂ ಒಬ್ಬೊಬ್ಬರದೇ ಇರ್ಲಿ. ನೀನೇ ಹೇಳಿಕೊಡು ಅವ್ರಿಗೆ.”