ಬಾಗಿಲಿಗೆ ಆನಿಸಿದ ಬೆನ್ನು

"ಇವನಿಗೆ ಕೋಣೆ ಕೊಟ್ರೆ ಬಾಗಿಲು ಕಿತ್ತು ಮಾರ್ಕೊಂಡು ತಿಂತಾನೆ. ಬೀದೀಲಿ ಬಿದ್ದಿದ್ದ ಮುಖಕ್ಕೆ ಮಂಚ ಬೇರೆ ಕೇಡು!"

ಮೇಲ್ವಿಚಾರಕ ಇದನ್ನು ನನ್ನ ಕಿವಿಯಲ್ಲಿ ಹೇಳಲಿಲ್ಲ. ಬೆಳಗಿನ ಚಹಾಕ್ಕೆ ಇಡೀ ಮನೆ ಲೋಟ ಹಿಡಿದು ಸಾಲು ನಿಂತಿದ್ದಾಗ ಹೇಳಿದ. ಯಾರೋ ಕಿಸಕ್ಕೆಂದರು. ನನಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿಯಿತು.

ಮನೆ ಅಂದರೆ ನಮ್ಮಂಥವರ ತಂಗುಮನೆ. ಬೀದಿಯಿಂದ ಬಂದವರು ಮೊದಲು ಕೆಳಗಿನ ಹಾಲ್‌ನಲ್ಲಿ ಒಟ್ಟಿಗೆ ಇರಬೇಕು. ಕೆಲಸ ಹಿಡಿದು ನೆಟ್ಟಗೆ ನಿಂತರೆ ಮೇಲೆ ಒಂದು ಕೋಣೆ, ಅದೂ ಒಂದು ವಾರ ಪರೀಕ್ಷೆಗೆ. ಗೆದ್ದರೆ ಬೀಗದ ಕೈ ನಮ್ಮ ಕೈಗೆ. ಮನೆಯವರಲ್ಲಿ ಒಬ್ಬರನ್ನು ಕರೆತರಬಹುದು, ಸ್ವಂತ ಬಾಡಿಗೆ ಮನೆ ಸಿಗುವವರೆಗೂ ಇರಬಹುದು. ನನ್ನ ಪರೀಕ್ಷೆಯ ವಾರ ಆ ಬೆಳಗ್ಗೆಗೆ ಮುಗಿದಿತ್ತು. ನನಗೆ ಇರುವವಳು ಅಮ್ಮ ಒಬ್ಬಳೇ. ಅವಳು ಊರಿನ ಆ ತುದಿಯಲ್ಲಿ, ಹೆಂಗಸರ ಆಶ್ರಯದಲ್ಲಿ. ಭಾನುವಾರ ಗೇಟಿನ ಕಂಬಿ ಹಿಡಿದುಕೊಂಡು ಮಾತಾಡುತ್ತಿದ್ದೆವು, ಕಳ್ಳರ ಹಾಗೆ. ಆ ಗೇಟಿನಿಂದ ಅವಳನ್ನು ಈಚೆಗೆ ತರಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಮನೆ ನಡೆಸುವ ದೊಡ್ಡಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಏನದು ಗಲಾಟೆ?"

"ವಾರದಿಂದ ನೋಡ್ತಿದೀನಿ ಅಕ್ಕಾ. ಇವನ ಹಾಸಿಗೇಲಿ ಒಂದು ಸುಕ್ಕಿಲ್ಲ. ಹಾಸಿದ್ದು ಹಾಸಿದ ಹಾಗೇ ಇದೆ. ರಾತ್ರಿ ಎಲ್ಲಿ ಅಲೀತಾನೋ ಏನೋ! ಕೋಣೆ ವಾಪಸ್ ತಗೊಳ್ಳಿ."

"ಒಳಗೇ ಇದ್ದೆ," ಅಂದೆ.

"ಗಾಳೀಲಿ ತೇಲ್ತಿದ್ಯಾ?"

ಮತ್ತೆ ನಗು. ದಿನವಿಡೀ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವವನಿಗೆ ಹಾಸಿಗೆ ಕಂಡರೆ ಭಯ ಅಂತ ಅಷ್ಟು ಜನರ ಮುಂದೆ ಹೇಗೆ ಹೇಳಲಿ? ಬೀದಿಯಲ್ಲಿ ಅಂಗಡಿಯ ಷಟರ್‌ಗೆ ಬೆನ್ನು ಕೊಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು, ಕೂತೇ ನಿದ್ದೆ ಮಾಡಿದವನು ನಾನು. ಮಂಚದ ಮೇಲೆ ಅಂಗಾತ ಮಲಗಿದರೆ ಯಾರೋ ಬಂದು ಒದ್ದ ಹಾಗಾಗಿ ಎದ್ದು ಕೂರುತ್ತಿದ್ದೆ. ಆದರೆ ಬಾಯಿ ಮುಚ್ಚಿಕೊಂಡರೆ ಅಮ್ಮ ಗೇಟಿನ ಆಚೆಗೇ ಉಳಿಯುತ್ತಾಳೆ.

"ಬಾಗಿಲಿಗೆ ಒರಗಿ ಕೂತ್ಕೊಂಡು ಮಲಗ್ತೀನಿ," ಅಂದೆ.

"ಕಥೆ ಕಟ್ತಾನೆ!" ಅಂದ ಮೇಲ್ವಿಚಾರಕ.

"ನಡೀರಿ, ನೋಡೋಣ," ಅಂದಳು ದೊಡ್ಡಕ್ಕ.

ಲೋಟ ಹಿಡಿದುಕೊಂಡೇ ಎಲ್ಲರೂ ಹಿಂದೆಯೇ ಹತ್ತಿದರು. ದೊಡ್ಡಕ್ಕ ನನ್ನ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿ ಅದರ ಒಳಮುಖ ನೋಡಿದಳು. ಬಿಳಿ ಬಣ್ಣದ ಮೇಲೆ, ಕೂತವನ ತಲೆಯ ಎತ್ತರಕ್ಕೆ, ಅಂಗೈಯಗಲದ ಎಣ್ಣೆ ಜಿಡ್ಡು. ಬಗ್ಗಿ ಬೆರಳಿಂದ ಮುಟ್ಟಿದಳು. ಬಾಗಿಲು ತೆರೆದು ಹೊರಗೆ ನಿಂತವರಿಗೂ ತೋರಿಸಿದಳು.

ಮೇಲ್ವಿಚಾರಕ ಮೂಗು ಮುರಿದ. "ಅದರಲ್ಲೇನಿದೆ ಅಕ್ಕಾ? ಒಂದು ಬಾಗಿಲಾ ಎರಡು ಬಾಗಿಲಾ? ಎಲ್ಲಾ ಕೋಣೇಲೂ ಇದೇ ಗಲೀಜು. ಒರೆಸಿ ಒರೆಸಿ ಸಾಕಾಗಿದೆ ನನಗೆ."

ದೊಡ್ಡಕ್ಕ ನಿಧಾನವಾಗಿ ತಿರುಗಿದಳು. "ಎಲ್ಲಾ ಕೋಣೇಲೂ?"

ಅವನನ್ನು ದಾಟಿಕೊಂಡು ಪಕ್ಕದ ಬಾಗಿಲಿಗೆ ಹೋದಳು.

ಪಕ್ಕದ ಕೋಣೆ ರೇಡಿಯೊದು. ಬಾಯಿಗೆ ಬಿಡುವೇ ಕೊಡದ ಮುದುಕನಿಗೆ ಹಾಲ್‌ನವರು ಇಟ್ಟ ಹೆಸರು ಅದು. ಅವನ ಬಾಗಿಲಿನ ಹಿಂದೆಯೂ ಅದೇ ಜಿಡ್ಡು. ಆಚೆಯದು ಹೊಲಿಗೆ ಕೆಲಸದವಳದು, ಎಲ್ಲರೂ ಚಿಕ್ಕಮ್ಮ ಅನ್ನುತ್ತಿದ್ದೆವು. ಅಲ್ಲೂ ಅದೇ, ಸ್ವಲ್ಪ ಕೆಳಗೆ, ಅವಳು ಗಿಡ್ಡಿ. ದೊಡ್ಡಕ್ಕ ಒಂದೊಂದೇ ಬಾಗಿಲು ತೆರೆಯುತ್ತ ನಡೆದಳು. ಪ್ರತಿ ಬಾಗಿಲಿನ ಹಿಂದೆಯೂ ಒಂದು ತಲೆಯ ಗುರುತು.

"ಅಯ್ಯೋ ನಿಮ್ಮ!" ರೇಡಿಯೊ ತೊಡೆ ತಟ್ಟಿಕೊಂಡ. "ನಾನೊಬ್ಬನೇ ಹುಚ್ಚ ಅಂದ್ಕೊಂಡಿದ್ನಲ್ರೋ! ಬೆಳಗ್ಗೆ ಎದ್ದು ಹಾಸಿಗೇನ ಕೈಯಿಂದ ಸುಕ್ಕು ಮಾಡಿ ಬರ್ತಿದ್ದೆ."

"ನಾನು ದಿಂಬಿಗೆ ಗುದ್ದಿ ಬರ್ತಿದ್ದೆ," ಅಂದಳು ಚಿಕ್ಕಮ್ಮ, ಸೆರಗಿನಿಂದ ಬಾಯಿ ಮುಚ್ಚಿಕೊಂಡು. "ಈ ಹುಡುಗನಿಗೆ ಅಷ್ಟೂ ಬುದ್ಧಿ ಬೇಡ್ವಾ!"

ಕಟ್ಟೆ ಒಡೆದ ಹಾಗೆ ನಗು ಒಡೆಯಿತು. ಈ ಸಲ ನನ್ನನ್ನು ನೋಡಿ ಅಲ್ಲ. ಇಡೀ ಪಡಸಾಲೆ ಹೊಟ್ಟೆ ಹಿಡಿದು ನಕ್ಕಿತು, ಕೆಲವರು ಕಣ್ಣೊರೆಸಿಕೊಂಡರು. ಸುಳ್ಳು ಸುಕ್ಕು ಮಾಡಲು ಬಾರದವನು ಆ ಮನೆಯಲ್ಲಿ ನಾನೊಬ್ಬನೇ. ನನಗೂ ನಗು ಬಂತು. ಎಷ್ಟು ಕಾಲವಾಗಿತ್ತೋ.

ದೊಡ್ಡಕ್ಕ ನಗಲಿಲ್ಲ. ಸೊಂಟದ ಗೊಂಚಲಿನಿಂದ ಒಂದು ಬೀಗದ ಕೈ ಬಿಡಿಸಿ ನನ್ನ ಅಂಗೈಯಲ್ಲಿಟ್ಟಳು. "ನಿನಗೆ ಹೇಗೆ ನಿದ್ದೆ ಬರುತ್ತೋ ಹಾಗೆ ಮಲಗು ಮಗಾ. ಮಂಚಕ್ಕೇನು ಅವಸರ ಇಲ್ಲ. ಹೋಗು, ಅಮ್ಮನ್ನ ಕರ್ಕೊಂಡು ಬಾ."

ರೇಡಿಯೊ ಶಿಳ್ಳೆ ಹೊಡೆದ. ಲೋಟಗಳನ್ನು ಲೋಟಗಳಿಗೆ ಬಡಿದರು.

ಮೆಟ್ಟಿಲ ಹತ್ತಿರ ಮೇಲ್ವಿಚಾರಕ ಅಡ್ಡ ನಿಂತಿದ್ದ. ಮುಖ ಹಿಂಡಿದ ಬಟ್ಟೆಯ ಹಾಗಿತ್ತು. "ಅಲ್ಲಪ್ಪಾ, ಏನೋ ಮಾತಿಗೆ ಮಾತು ಬಂತು. ಮನಸ್ಸಿಗೆ ಹಚ್ಕೋಬೇಡ. ಏನಂತೀಯಾ?"

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಅವನ ಮೊಮ್ಮಕ್ಕಳ ಕಾಲಕ್ಕೂ ಮಿಕ್ಕುವಷ್ಟು ಬೈಗುಳ ನನ್ನ ನಾಲಿಗೆಯ ತುದಿಯಲ್ಲಿತ್ತು.

"ಒಂದಾದ್ರೂ ಬೈಗುಳ ಬಿಡೋ," ಅಂತ ರೇಡಿಯೊ ಹಿಂದಿನಿಂದ ಪಿಸುಗುಟ್ಟಿದ.

ಅಮ್ಮನಿಗೆ ಸಾಮಾನು ಕಟ್ಟಿಕೊಳ್ಳಲು ಹೊತ್ತು ಬೇಕು. ಅವಳು ಎಲ್ಲದಕ್ಕೂ ಎರಡೆರಡು ಗಂಟು ಹಾಕುತ್ತಾಳೆ. ನಾನು ಅವನ ಪಕ್ಕದಿಂದ ನುಸುಳಿ, ಮೆಟ್ಟಿಲು ಹಾರಿ ಹಾರಿ ಇಳಿದು, ಆ ತುದಿಗೆ ಹೋಗುವ ಬಸ್ಸು ನಿಲ್ಲುವ ಕಡೆಗೆ ನಡೆದೆ.