ಅಮ್ಮ ಹಾಡದ ಜಾಗ

ಹಯಾಸೆ ಸರ್ ಬಂಗಾರದಂಥ ಮನುಷ್ಯ ಅಂತ ಊರೆಲ್ಲ ಹೇಳಿಕೊಂಡು ಬಂದವಳು ನಾನು. ಈಗ ಅವರ ಹೆಸರು ಕೇಳಿದರೆ ಮೈ ಉರಿಯುತ್ತದೆ.

ನ್ಯೂರೆಂಬರ್ಗಿನ ನಮ್ಮ ಬಿಲ್ಡಿಂಗಿನಲ್ಲೇ, ಕೆಳಗಿನ ಮನೆಯಲ್ಲಿ ಅವರಿರುವುದು. ಜಪಾನಿನ ಮೀನುಗಾರರ ಮಗ. ಓದಲಿಕ್ಕೆ ಜರ್ಮನಿಗೆ ಬಂದು, ಇಲ್ಲೇ ಉಳಿದು, ದೊಡ್ಡ ಸಂಗೀತ ಸಂಯೋಜಕ ಅಂತ ಹೆಸರಾದವರು. ಅವರ ಸಂಗೀತ ಎಂತದ್ದು ಅಂತ ಕೇಳಬೇಡಿ. ಪಿಯಾನೊದ ಒಂದು ಸ್ವರ, ಆಮೇಲೆ ಎಷ್ಟೋ ಹೊತ್ತು ಎಂತದೂ ಇಲ್ಲ, ಮತ್ತೊಂದು ಸ್ವರ. "ಕರೆಂಟ್ ಹೋಯಿತಾ?" ಅಂತ ನನ್ನ ಗಂಡ ಸ್ಯಾವಿಯೊ ತಮಾಷೆ ಮಾಡುತ್ತಿದ್ದ. ಸ್ವರಗಳ ನಡುವಿನ ಜಾಗವೇ ನನ್ನ ಸಂಗೀತ, ಐರಿನ್, ಅನ್ನುತ್ತಿದ್ದರು ಹಯಾಸೆ ಸರ್.

ಒಂದು ದಿನ ಕಾಫಿಗೆ ಬಂದವರು, ತೀರಿಹೋದ ತಾಯಿಯ ದನಿ ನೆನಪಿಗೇ ಬರುವುದಿಲ್ಲ ಅಂತ ಕಣ್ಣು ಒರೆಸಿಕೊಂಡರು. ಮೊಬೈಲ್ ತೆಗೆದು ನನ್ನ ಅಮ್ಮ ಹಾಡಿದ ರೆಕಾರ್ಡಿಂಗ್ ಹಾಕಿದೆ.

ನಮ್ಮ ಮಂಗಳೂರು ಕ್ರಿಶ್ಚಿಯನ್ನರಲ್ಲಿ ಮದುವೆಗೆ ಮೊದಲು ರೋಸ್ ಉಂಟು, ಮದುಮಗಳಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರ. ಆಗ ಹಾಡು ಎತ್ತುವವಳಿಗೆ ಗಂಡ ಇರಬೇಕು. ನನ್ನಪ್ಪ ಇರಲಿಲ್ಲ. ಹಾಗಾಗಿ ಅಮ್ಮ ನನ್ನ ರೋಸಿನ ಹಿಂದಿನ ದಿನವೇ ಅಡುಗೆಮನೆಯಲ್ಲಿ ನನಗೊಬ್ಬಳಿಗೇ ಹಾಡಿದ್ದಳು. ಸಾಲುಸಾಲಿಗೂ ಗಂಟಲು ಕಟ್ಟುತ್ತಿತ್ತು. ಅಳು ನುಂಗಿ ಮತ್ತೆ ಎತ್ತುತ್ತಿದ್ದಳು. ಮುಂದಿನ ವರ್ಷ ಅವಳೂ ಹೋದಳು. ಆ ರೆಕಾರ್ಡಿಂಗನ್ನು ಸ್ಯಾವಿಯೊಗೂ ಕೇಳಿಸಿದವಳಲ್ಲ ನಾನು.

ಇನ್ನೊಮ್ಮೆ ಕೇಳಬೇಕು, ಕಳಿಸು ಅಂದರು ಸರ್. ಯಾರಿಗೂ ಕೇಳಿಸಬಾರದು ಅಂದೆ. ಎದೆ ಮುಟ್ಟಿಕೊಂಡು ಮಾತು ಕೊಟ್ಟರು. ಕಳಿಸಿದೆ, ಪೆದ್ದಿ.

ಮೊನ್ನೆ ಅವರ ಹೊಸ ಕೃತಿಯ ಕಚೇರಿಗೆ ನಮ್ಮಿಬ್ಬರನ್ನೂ ಕರೆದರು. ಹಾಲ್ ತುಂಬ ಜನ. ಪಿಯಾನೊ ಒಮ್ಮೆ ನುಡಿದು ನಿಂತಿತು. ಆಮೇಲೆ ಸ್ಪೀಕರಿನಿಂದ ಒಂದು ಉಸಿರು, ಕಟ್ಟಿದ ಗಂಟಲು, ಮೂಗು ಎಳೆದ ಸದ್ದು. ಅಮ್ಮನದ್ದು ಅಂತ ನನಗೆ ಆ ಕ್ಷಣವೇ ಗೊತ್ತಾಯಿತು.

"ಯಾರೋ ಅಳ್ತಾ ಇದ್ದಾರಲ್ವಾ?" ಅಂತ ಸ್ಯಾವಿಯೊ ಪಿಸುಗುಟ್ಟಿದ.

ಮುಗಿದದ್ದೇ ನೇರ ಹೋಗಿ ಅವರೆದುರು ನಿಂತೆ. "ಮಾತು ಕೊಟ್ಟಿದ್ರಲ್ಲ ಸರ್?"

"ಹಾಡಿನ ಒಂದು ಸ್ವರವನ್ನೂ ಮುಟ್ಟಿಲ್ಲ, ಐರಿನ್," ಅಂದರು, ಏನೂ ಅರಿಯದ ಮಗುವಿನ ಮುಖ ಮಾಡಿ. "ಅವರು ಹಾಡದೆ ಇದ್ದ ಜಾಗ ಮಾತ್ರ ತಗೊಂಡೆ."

"ಹಾಡು ಬೇಕಿದ್ರೆ ತಗೊಳ್ಳಬಹುದಿತ್ತು ಸರ್. ಅದನ್ನು ಮಂಗಳೂರಿನ ಮನೆಮನೆಯಲ್ಲೂ ಹಾಡ್ತಾರೆ. ನನಗೆ ಅಂತ ಇದ್ದದ್ದು ಅಮ್ಮನ ಆ ಅಳು ಒಂದೇ."

"ಅದು ಅಮ್ಮನದ್ದಾ?" ಬೆನ್ನ ಹಿಂದೆ ಸ್ಯಾವಿಯೊ ಕೇಳಿದ.

ಹಾಲಿನಲ್ಲಿದ್ದ ಅಷ್ಟೂ ಜನ ಕೇಳಿ, ಚಪ್ಪಾಳೆ ತಟ್ಟಿ ಮುಗಿಸಿದ ಮೇಲೆ ನನ್ನ ಗಂಡನಿಗೆ ಗೊತ್ತಾಯಿತು.