ದೇಸಾಯರ ಮನೆಯ ಆಳು

ಕೊಟ್ರಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿಹಾಕುತ್ತಿರುವಾಗ ಹೊಸಪೇಟೆಯಿಂದ ಫೋನು ಬಂತು. ನಾಟಕ ಕಂಪನಿಯ ಯಶೋಧರಾ ಅಳುತ್ತಲೇ ಹೇಳಿದಳು: "ಅಕ್ಕಾರ, ನಿಮ್ಮ ತಮ್ಮ ಹೋಗಿಬಿಟ್ರು." ರೊಟ್ಟಿ ಸೀದುಹೋಯಿತು.

ಮಧ್ಯಾಹ್ನದ ಹೊತ್ತಿಗೆ ಶಂಭುಲಿಂಗ ದೇಸಾಯಿಯ ದೇಹ ಹುಟ್ಟೂರು ಮೆಟ್ರಿಯ ವಾಡೆಗೆ, ದೇಸಾಯರ ಆ ಹಳೇ ದೊಡ್ಡ ಮನೆಗೆ, ಬಂತು. ಹಣೆಗೆ ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದರು. ಕುಣಿ ತೋಡುವ ಪಾಲಪ್ಪ ಸಲಿಕೆ ಊರಿ ಅಂಗಳದಲ್ಲಿ ಕಾದಿದ್ದ. ಮನೆತನದ ಹೊಲದಲ್ಲಿ ಜಾಗ ತೋರಿಸಬೇಕಾದವರು ಹಿರಿಯಣ್ಣ ದೊಡ್ಡಬಸಪ್ಪ. ಅವರು ಕಂಬಕ್ಕೊರಗಿ ಕೂತವರು ಏಳಲೇ ಇಲ್ಲ. ತಮ್ಮನನ್ನು ಹೆತ್ತವರ ಮಗ್ಗುಲಿಗೆ ಸೇರಿಸದೆ ಎಲ್ಲೋ ಮಣ್ಣು ಮಾಡಬೇಕಾದೀತೆಂದು ಹೆದರಿ ಕೊಟ್ರಮ್ಮ ಅಣ್ಣನ ಮುಖವನ್ನೇ ನೋಡಿದಳು.

"ಎಷ್ಟು ಸಿನಿಮಾದಾಗ ಆಳಾಗಿ ಚಾ ತಂದ್ ಕೊಟ್ಟಾರ ನಮ್ಮ ಸಣ್ಣ ದಣಿ," ಎಂದ ಪಾಲಪ್ಪ. "ಒಂದ್ರಾಗೂ ಒಂದ್ ಗುಟುಕು ಕುಡೀಲಿಲ್ಲ ನೋಡ್ರಿ."

ಅಳುತ್ತಿದ್ದವರೂ ನಕ್ಕರು. ದೊಡ್ಡಬಸಪ್ಪ ನಗಲಿಲ್ಲ.

*

ಕಂಪ್ಲಿಯಲ್ಲಿ ಕ್ಯಾಂಪು ಹಾಕಿದ್ದ ಕಂಪನಿಗೆ ಶಂಭು ಸೇರಿದಾಗ ಇನ್ನೂ ಮೀಸೆ ಬಲಿತಿರಲಿಲ್ಲ. ಎತ್ತರದ ನಿಲುವು, ದೇಸಾಯರ ಗತ್ತು. ಮಾಲೀಕರು ರಾಜನ ಪಾತ್ರ ಕೊಟ್ಟರು.

"ರಾಜನ್ನ ಮನಿಯಾಗ ನೋಡಿ ಸಾಕಾಗೇತ್ರಿ. ಆಳಿನ ಪಾರ್ಟು ಕೊಡ್ರಿ," ಎಂದ.

ನಾಟಕದಲ್ಲಿ ಆಳು, ಆಮೇಲೆ ಸಿನಿಮಾದಲ್ಲೂ ಆಳು. ದೊಡ್ಡಬಸಪ್ಪ ಕೆಂಡವಾದರು: "ದೇಸಾಯರ ಮಗ ಮಂದಿ ಮುಂದ ಚಾ ತಟ್ಟಿ ಹಿಡೀತಾನ? ಈ ಮನಿ ಮಣ್ಣು ಅವನಿಗಿಲ್ಲ!" ಅಂದಿನಿಂದ ಕೊಟ್ರಮ್ಮನೇ ಹಬ್ಬಕ್ಕೊಮ್ಮೆ ಹೊಸಪೇಟೆಗೆ ಹೋಗಿ ತಮ್ಮನಿಗೆ ಹೋಳಿಗೆ ಕೊಟ್ಟು ಬರುತ್ತಿದ್ದಳು.

*

"ದಣೀರ, ಹೊತ್ತಾತ್ರಿ. ಎಲ್ಲಿ ಅಗೀಲಿ?" ಪಾಲಪ್ಪ ಮೆಲ್ಲಗೆ ಕೇಳಿದ.

ದೊಡ್ಡಬಸಪ್ಪ, ದೇಹದ ಜೊತೆ ಬಂದಿದ್ದ ಯಶೋಧರೆಯತ್ತ ತಿರುಗಿದರು. "ವಾಡೇದಾಗ ಹುಟ್ಟಿದಾಂವ. ಆಳಿನಂಗ ನಿಂದರೋದು ಎಲ್ಲಿ ಕಲ್ತನವ್ವಾ?"

ಯಶೋಧರಾ ಸೆರಗಿನಿಂದ ಮೂಗೊರೆಸಿಕೊಂಡಳು. "ನಾನೂ ಕೇಳಿದ್ದೆ ಯಪ್ಪಾರ. ಬಗಲಾಗ ಟವೆಲ್ಲು, ಬಗ್ಗಿದ ತಲಿ, ಉಸಿರ ಬಿಟ್ರೆ ಕೇಳಬಾರದು. 'ನಮ್ಮಪ್ಪನ ಮುಂದ ನಮ್ಮಣ್ಣ ಹಿಂಗ ನಿಂದರ್ತಿದ್ದ. ನಮ್ಮ ಪಾಲಿನ ಬೈಗಳಾನೂ ಅವನೇ ತಿಂದ' ಅಂದ್ರು."

ಎಲ್ಲ ಕೆಟ್ಟಿತೆಂದು ಕೊಟ್ರಮ್ಮ ಸೆರಗು ಕಚ್ಚಿದಳು. ಅಣ್ಣನ ನರೆತ ಮೀಸೆ ನಡುಗಿತು.

"ಕಳ್ಳ! ನನ್ನ ತೋರಿಸಿ ಹೊಟ್ಟಿ ಹೊರಕೊಂಡಾನ ನೋಡು!" ನಗಲು ಹೋಗಿ ಅವರು ಅತ್ತುಬಿಟ್ಟರು. "ಪಾಲಪ್ಪಾ, ಅಪ್ಪನ ಮಗ್ಗಲಾಗ ನನಗಂತ ಇಟ್ಟ ಜಾಗ ಐತಲ್ಲ, ಅಲ್ಲೇ ಅಗಿಯೋ."

ಇಳಿಬಿಸಿಲಿನಲ್ಲಿ ದೊಡ್ಡಬಸಪ್ಪ, ಯಾರು ತಡೆದರೂ ಕೇಳದೆ, ತಾವೇ ಕುಣಿಗಿಳಿದು ತಮ್ಮನನ್ನು ಎದೆಗೊತ್ತಿಕೊಂಡು ಕೂರಿಸಿದರು. ಅವನ ಮೊಣಕಾಲಿಗೆ ಮೆತ್ತಿದ ಮಣ್ಣನ್ನು ಧೋತರದ ಚುಂಗಿನಿಂದ ಒರೆಸಿದರು.

ಕೊಟ್ರಮ್ಮ ಮೇಲಿನಿಂದ ಬಿಲ್ವಪತ್ರೆ ಹಾಕಿ ಕೈಮುಗಿದಳು.

"ಶಿವನೇ, ಜೀವಮಾನೆಲ್ಲ ನಿಂತೇ ದುಡದಾನ. ನಿನ್ನ ಮನಿಯಾಗ ಅವನ್ನ ನಿಂದ್ರಿಸಬ್ಯಾಡಪ್ಪಾ. ಮಗ್ಗಲಾಗ ಕುಂದ್ರಿಸ್ಕೋ."